ನಗುವಿಗೆ ಸುಣ್ಣಬಣ್ಣ

ಹಲ್ಲುನೋವು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋಗುವವರನ್ನು ಬೆಂಗಳೂರಿನಲ್ಲಿ ಈಗ ಸ್ವಲ್ಪ ಅನುಕಂಪದಿಂದ ನೋಡುತ್ತಾರೆ. ಪಾಪ, ಇಷ್ಟು ಹಳೇ ಕಾಲದ ಕಾಯಿಲೆ ಇಟ್ಟುಕೊಂಡು ಬಂದಿದ್ದಾರಲ್ಲ ಅಂತ. ತಿಳಿದವರು ಹೋಗುವುದು ಏನೂ ನೋವಿಲ್ಲದಾಗ. ಹುಳುಕಿಲ್ಲದ, ಅಲುಗಾಡದ, ನಿಪ್ಪಟ್ಟನ್ನು ಒಂದೇ ಏಟಿಗೆ ಮುರಿಯುವ ಹಲ್ಲುಗಳನ್ನು ತೆಗೆದುಕೊಂಡು ಹೋಗಿ, "ಇವಕ್ಕೆ ಏನಾದರೂ ಮಾಡಿ" ಅಂತ ಒಪ್ಪಿಸಿಬಿಡುತ್ತಾರೆ. ಬೋರ್ಡಿನ ಮೇಲಿದ್ದ 'ದಂತ ಚಿಕಿತ್ಸಾಲಯ' ಮಾಯವಾಗಿ 'ಸ್ಮೈಲ್ ಸ್ಟುಡಿಯೋ' ಬಂದಿದೆ. ಸ್ಟುಡಿಯೋ ಅಂದಮೇಲೆ ಅಲ್ಲಿ ರೋಗಿ ಇರುವುದಿಲ್ಲ, ಕ್ಲೈಂಟ್ ಇರುತ್ತಾನೆ. ಔಷಧದ ಚೀಟಿ ಇರುವುದಿಲ್ಲ, ಪ್ಯಾಕೇಜ್ ಇರುತ್ತದೆ. ಮದುವೆ ಹೆಣ್ಣಿಗೊಂದು, ಗಂಡಿಗೊಂದು, ಇಬ್ಬರೂ ಕೂಡಿ ಬಂದರೆ ಕಾಂಬೋ. ಬೀಗರಿಗೆ ಬೇರೆ ರಿಯಾಯಿತಿ.

ಸ್ಟುಡಿಯೋ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ ಅನ್ನಿ. ಹಲ್ಲಿನ ಮೇಲೆ ಇನ್ನೊಂದು ಹಲ್ಲು ಹೊದಿಸುವ ವಿದ್ಯೆ ಬೆಳೆದದ್ದೇ ಸಿನಿಮಾ ಸ್ಟುಡಿಯೋಗಳ ನೆರಳಿನಲ್ಲಿ. 1920ರ ದಶಕದ ಕೊನೆಯ ಹೊತ್ತಿಗೆ ಚಾರ್ಲ್ಸ್ ಪಿಂಕಸ್ ಎಂಬ ಕ್ಯಾಲಿಫೋರ್ನಿಯಾದ ದಂತವೈದ್ಯ ಹಾಲಿವುಡ್ಡಿನ ನಟನಟಿಯರ ಹಲ್ಲಿನ ಮುಂಭಾಗಕ್ಕೆ ತೆಳುವಾದ ಹೊದಿಕೆ ಮಾಡಿಕೊಡಲು ಶುರು ಮಾಡಿದ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ದೊಡ್ಡ ತಾರೆಯಾಗಿದ್ದ ಶರ್ಲಿ ಟೆಂಪಲ್ ಎಂಬ ಪುಟ್ಟ ಹುಡುಗಿಯ ಬಾಯಿಯ ಸಂದಿಗಳು ಕ್ಯಾಮೆರಾಕ್ಕೆ ಕಾಣದಂತೆ ಮಾಡಿದವನೂ ಅವನೇ. ಅಂಟಿಸಲು ಬಳಸುತ್ತಿದ್ದದ್ದು ಹಲ್ಲುಸೆಟ್ಟು ಕೂರಿಸುವ ಪುಡಿ. ಶೂಟಿಂಗ್ ಮುಗಿಯಿತೋ, ಕಿತ್ತಿಟ್ಟು ಊಟಕ್ಕೆ ಹೋಗುವುದು. 1955ರಲ್ಲಿ ಮೈಕಲ್ ಬುವೊನೊಕೋರ್ ಎಂಬಾತ, ಎನಾಮೆಲ್ಲಿಗೆ ಆಮ್ಲ ಸವರಿ ತುಸು ಒರಟು ಮಾಡಿದರೆ ರಾಳ ಅದಕ್ಕೆ ಕಚ್ಚಿಕೊಂಡು ಕೂರುತ್ತದೆ ಅಂತ ತೋರಿಸಿದ. 1980ರ ದಶಕದಲ್ಲಿ ಅದೇ ಉಪಾಯದಿಂದ ಪಿಂಗಾಣಿಯ ಹಾಳೆಯನ್ನೂ ಕಾಯಂ ಆಗಿ ಅಂಟಿಸುವುದು ಬಂತು. ಹಾಲಿವುಡ್ಡಿನವರು ಸಂಜೆಗೆ ತೆಗೆದಿಡುತ್ತಿದ್ದ ಮೇಕಪ್ಪನ್ನು ನಾವು ನಿದ್ದೆಯಲ್ಲೂ ಹಾಕಿಕೊಂಡಿರುವ ಯೋಗ ಹೀಗೆ ಒದಗಿತು. ಅವರಿಗೆ ಆ್ಯಕ್ಷನ್ನೂ ಇತ್ತು, ಕಟ್ಟೂ ಇತ್ತು. ನಮಗೆ ಬರೀ ಆ್ಯಕ್ಷನ್.

ತಂಗಿಯ ಮಗಳ ಮದುವೆ ಗೊತ್ತಾದಾಗ ಸೋದರಮಾವನ ಕರ್ತವ್ಯಗಳ ಪಟ್ಟಿಗೆ 'ಸ್ಮೈಲ್ ಡಿಸೈನ್'ಗೆ ಜೊತೆಯಲ್ಲಿ ಹೋಗುವುದೂ ಸೇರಿಕೊಂಡಿತು. ಹೋದೆವು. ಅಲ್ಲಿ ಡಾಕ್ಟರು ಕಣ್ಣಿಗೆ ಬೀಳುವ ಮುಂಚೆ ಒಬ್ಬಳು 'ಸ್ಮೈಲ್ ಕನ್ಸಲ್ಟೆಂಟ್' ಎದುರಾಗುತ್ತಾಳೆ. ಅವಳ ಕೈಯಲ್ಲಿ ಒಂದು ಲೋಹದ ಪಟ್ಟಿ, ಪಟ್ಟಿಯ ತುಂಬ ಸಾಲಾಗಿ ಸಿಕ್ಕಿಸಿದ ಪಿಂಗಾಣಿ ಹಲ್ಲುಗಳು. ಒಂದೊಂದನ್ನೇ ಕಿತ್ತು ಹುಡುಗಿಯ ಮುಂಬಲ್ಲಿನ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಕೊನೆಗೆ ಬಯಾಪ್ಸಿ ವರದಿ ಓದುವ ದನಿಯಲ್ಲಿ ಅಂದಳು:

"ಮೇಡಂ, ನಿಮ್ಮದು ಎ ತ್ರೀ."

"ಅಯ್ಯೋ, ಮಾವ!" ಅಂದಳು ನಮ್ಮ ಹುಡುಗಿ. ಎ ತ್ರೀ ಅಂದರೇನು ಅಂತ ಅವಳಿಗೂ ಗೊತ್ತಿರಲಿಲ್ಲ.

"ಕೆಟ್ಟದ್ದೇನಮ್ಮ ಅದು?" ಅಂತ ನಾನು ಕೇಳಿದೆ.

"ಕೆಟ್ಟದ್ದು ಅಂತ ಅಲ್ಲ ಸರ್. ಫೋಟೋದಲ್ಲಿ ಗೊತ್ತಾಗುತ್ತೆ ಅಷ್ಟೇ." ಆಮೇಲೆ ನನ್ನ ಬಾಯಿಯ ಕಡೆ ಒಮ್ಮೆ ನೋಡಿ, ಯಾರೂ ಕೇಳದಿದ್ದರೂ, "ನಿಮ್ಮದು ಸಿ ಫೋರ್ ಇರಬಹುದು ಸರ್" ಅಂತ ಸೇರಿಸಿದಳು.

ಆ ಪಟ್ಟಿಯ ಹೆಸರು ಶೇಡ್ ಗೈಡ್. ಜರ್ಮನಿಯ ವೀಟಾ ಕಂಪನಿಯದು. 1956ರಿಂದ ಪ್ರಪಂಚದ ದಂತವೈದ್ಯರೆಲ್ಲ ಹಿಡಿದುಕೊಂಡಿರುವುದು ಹೆಚ್ಚೂಕಡಿಮೆ ಅದನ್ನೇ. ಹದಿನಾರು ಬಣ್ಣ, ನಾಲ್ಕು ವರ್ಗ. ಎ ಅಂದರೆ ಕೆಂಪು ಬೆರೆತ ಕಂದು, ಬಿ ಅಂದರೆ ಕೆಂಪು ಬೆರೆತ ಹಳದಿ, ಸಿ ಬೂದು, ಡಿ ಕೆಂಪು ಬೆರೆತ ಬೂದು. ಎ ವರ್ಗದಲ್ಲಿ ಮೂರೂ ಇದೆ, ಮೂರೂವರೆಯೂ ಇದೆ, ಡಿ ವರ್ಗದಲ್ಲಿ ಒಂದೇ ಇಲ್ಲ, ಎರಡರಿಂದ ಶುರು. ನಮ್ಮ ಮೀಸಲಾತಿ ಪಟ್ಟಿ ತಯಾರಿಸಿದವರೇ ಕೈಯಾಡಿಸಿದ್ದಾರೇನೋ ಅನ್ನಿಸಬೇಕು, ಹಾಗಿದೆ. ಇದರಲ್ಲಿ ಎ ತ್ರೀ ಅಂದರೆ ದೊಡ್ಡವರ ಬಾಯಲ್ಲಿ ತೀರಾ ಸಾಮಾನ್ಯವಾಗಿ ಸಿಗುವ ಬಣ್ಣ. ಎನಾಮೆಲ್ ತುಸು ಪಾರದರ್ಶಕ, ಅದರ ಕೆಳಗಿನ ಡೆಂಟಿನ್ ಹುಟ್ಟಾ ಹಳದಿ. ವಯಸ್ಸಾದಂತೆ ಮೇಲಿನದು ಸವೆಯುತ್ತದೆ, ಕೆಳಗಿನದು ಗಾಢವಾಗುತ್ತದೆ. ಅಂದರೆ ಹಲ್ಲು ಹಳದಿಯಾಗಿ ಕಾಣುವುದು ಹಲ್ಲು ಅನ್ನುವ ಪದಾರ್ಥದ ಸ್ವಭಾವ.

ಇಲ್ಲಿ ಒಂದು ಸೊಗಸಿದೆ. ಈ ಹದಿನಾರು ಬಣ್ಣ ಆರಿಸಿದ್ದು ಕಟ್ಟಿಸಿದ ಹಲ್ಲು ಪಕ್ಕದ ಹುಟ್ಟುಹಲ್ಲಿನ ಜೊತೆ ಬೆರೆತುಹೋಗಲಿ, ಯಾರಿಗೂ ಗೊತ್ತಾಗದಿರಲಿ ಅಂತ. ಸುಳ್ಳು ಹಲ್ಲು ನಿಜದಂತೆ ಕಾಣಲೆಂದು ಮಾಡಿದ ಪಟ್ಟಿಯನ್ನು ಈಗ ನಿಜದ ಹಲ್ಲು ಸುಳ್ಳಿನಂತೆ ಕಾಣಲೆಂದು ಬಳಸುತ್ತಿದ್ದೇವೆ. ಅದೂ ಸಾಲದೆ ಪಟ್ಟಿಯ ಆಚೆಗೆ 'ಬ್ಲೀಚ್ ಶೇಡ್' ಅಂತ ಹೊಸ ಬಿಳುಪುಗಳು ಬಂದಿವೆ. ಟೈಲ್ಸ್ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಬಿಳುಪು. ಟಿವಿ ನಿರೂಪಕರು ಬಾಯಿ ತೆರೆದಾಗ ನಮ್ಮ ಹಾಲ್ ಸ್ವಲ್ಪ ಬೆಳಗುವುದು ಅದರಿಂದಲೇ.

ಕನ್ಸಲ್ಟೆಂಟ್ ಹುಡುಗಿಯ ಮುಂದಿನ ಅಸ್ತ್ರ ಕಂಪ್ಯೂಟರ್ ಪರದೆ. ನಮ್ಮವಳ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು, 1.618 ಎಂಬ ಸ್ವರ್ಣಾನುಪಾತದ ಲೆಕ್ಕ ಹಾಕಿ, ಬಲಗಡೆಯ ವಾರೆ ಹಲ್ಲೊಂದನ್ನು ನೆಟ್ಟಗೆ ಮಾಡಿ ತೋರಿಸಿದಳು. ಆ ವಾರೆ ಹಲ್ಲು ನಮ್ಮ ಅಮ್ಮನದು, ಅಮ್ಮನಿಂದ ತಂಗಿಗೆ ಬಂದು, ತಂಗಿಯಿಂದ ಇವಳಿಗೆ ದಾಟಿದ್ದು. ಮನೆತನದ ಆಸ್ತಿ ಅಂತ ಯಾವ ತಂಟೆಯೂ ಇಲ್ಲದೆ ಕೈಬದಲಾದದ್ದು ಅದೊಂದೇ. ಪರದೆಯ ಮೇಲೆ ಅದು ಮಾಯವಾದ ಕೂಡಲೇ ಎದುರಿಗೆ ಬಂದವಳು ಯಾವುದೋ ಧಾರಾವಾಹಿಯ ನಾದಿನಿ. ಅಂದಹಾಗೆ, ಚೆಂದದ ಸಹಜ ನಗುಗಳನ್ನು ಹಲ್ಲು ಹಲ್ಲು ಅಳೆದು ನೋಡಿದ ಸಂಶೋಧಕರಿಗೆ ಈ ಸ್ವರ್ಣಾನುಪಾತ ಸಿಕ್ಕಿದ್ದು ಅಪರೂಪಕ್ಕೆ. ಬಂಗಾರ ಅಲ್ಲಿರುವುದು ಬಿಲ್ಲಿನಲ್ಲಿ.

ಚೆಂದದ ವಿಷಯದಲ್ಲಿ ಊರಿಗೊಂದು ನ್ಯಾಯ. ಜಪಾನಿನಲ್ಲಿ ಶತಮಾನಗಳ ಕಾಲ ಮದುವೆಯಾದ ಹೆಂಗಸರು, ಶ್ರೀಮಂತ ಮನೆತನದವರು ಕಬ್ಬಿಣದ ದ್ರಾವಣದಿಂದ ಹಲ್ಲನ್ನು ಕಪ್ಪು ಮಾಡಿಕೊಳ್ಳುತ್ತಿದ್ದರು. 1870ರಲ್ಲಿ ಸರಕಾರ ಆದೇಶ ಹೊರಡಿಸಿ ಕುಲೀನರ ಮನೆಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದೇ ದೇಶದಲ್ಲಿ ಈಚೆಗೆ ಹುಡುಗಿಯರು ದುಡ್ಡು ಕೊಟ್ಟು ಕೋರೆಹಲ್ಲು ಮುಂದೆ ಬಂದಂತೆ ಮಾಡಿಸಿಕೊಳ್ಳುತ್ತಿದ್ದರು, ಮುದ್ದಾಗಿ ಕಾಣುತ್ತದೆ ಅಂತ. ನಮ್ಮಲ್ಲಿ ಮುಂಬಲ್ಲಿನ ನಡುವೆ ಸಂದಿ ಇದ್ದರೆ ಅದೃಷ್ಟ ಅಂತ ಅಜ್ಜಿಯರು ಹೇಳುತ್ತಿದ್ದರು. ಈಗ ಅದೃಷ್ಟ ಯಾರದ್ದು ಅನ್ನುವುದಷ್ಟೇ ಬದಲಾಗಿದೆ.

ಪ್ಯಾಕೇಜಿನ ಒಳಗೆ ಏನಿರುತ್ತದೆ ಅನ್ನುವುದನ್ನು ಈಗ ನೋಡೋಣ. ಮೊದಲನೆಯದು ವೈಟ್ನಿಂಗ್. ಹೈಡ್ರೋಜನ್ ಪೆರಾಕ್ಸೈಡನ್ನೋ ಕಾರ್ಬಮೈಡ್ ಪೆರಾಕ್ಸೈಡನ್ನೋ ಹಲ್ಲಿಗೆ ಹಚ್ಚಿ ಒಳಗಿನ ಬಣ್ಣದ ಅಣುಗಳನ್ನು ಒಡೆಯುವುದು. ನಿಜವಾಗಿ ಕೆಲಸ ಮಾಡುತ್ತದೆ, ಹಲ್ಲನ್ನು ಉಜ್ಜಿ ಸವೆಸುವುದಿಲ್ಲ, ಕೆಲವು ದಿನ ಹಲ್ಲು ಜುಂ ಅನ್ನುತ್ತದೆ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬಣ್ಣ ಮೆಲ್ಲಗೆ ಮರಳುತ್ತದೆ. ಕ್ಯಾಪ್ ಹಾಕಿಸಿದ ಹಲ್ಲಿಗೆ, ಸಿಮೆಂಟ್ ತುಂಬಿಸಿದ ಜಾಗಕ್ಕೆ ಏನೂ ಆಗುವುದಿಲ್ಲ. ಪಕ್ಕದವರೆಲ್ಲ ಬೆಳ್ಳಗಾದಾಗ ಹಳೇ ಕ್ಯಾಪ್ ಮಾತ್ರ ಹಳೇ ಬಣ್ಣದಲ್ಲೇ ನಿಂತಿರುತ್ತದೆ. ಬಾಯಿಗೆ ನೀಲಿ ದೀಪ ಹಿಡಿದು ಮಾಡುವುದೂ ಉಂಟು. ಮನೆಗೆ ಟ್ರೇ ಕೊಟ್ಟು ರಾತ್ರಿ ಹಾಕಿಕೊಳ್ಳಿ ಅನ್ನುವುದೂ ಉಂಟು. ದೀಪದಿಂದ ಹೆಚ್ಚಿನದೇನೂ ಆಗುವುದಿಲ್ಲ ಅಂತ ಹೇಳುವ ದಂತವೈದ್ಯರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ದೀಪವಿಲ್ಲದೆ ರೀಲ್ಸ್ ಮಾಡುವುದು ಹೇಗೆ?

ವೈಟ್ನಿಂಗ್ ಮಾಡಿಸಿದ ಮೇಲೆ ಎರಡು ದಿನ ಬಣ್ಣ ಬಿಡುವ ಪದಾರ್ಥ ಮುಟ್ಟಬಾರದು ಅಂತ ಒಂದು ಚೀಟಿ ಕೊಡುತ್ತಾರೆ. ಕಾಫಿ ಇಲ್ಲ, ಟೀ ಇಲ್ಲ, ಅರಿಶಿನ ಇಲ್ಲ, ಟೊಮೆಟೊ ಇಲ್ಲ, ಬೀಟ್‌ರೂಟ್ ಇಲ್ಲ. ಮದುವೆಗೆ ಎರಡು ದಿನ ಮುಂಚೆ ಮಾಡಿಸುವುದು ರೂಢಿಯಾದ್ದರಿಂದ ಈ ವ್ರತ ಸರಿಯಾಗಿ ಅರಿಶಿನ ಶಾಸ್ತ್ರದ ದಿನವೇ ಬಂದು ಕೂರುತ್ತದೆ. ಮೈಗೆಲ್ಲ ಅರಿಶಿನ ಮೆತ್ತಿಸಿಕೊಂಡ ಮದುಮಗಳಿಗೆ ಸಾರಿನಲ್ಲಿ ಅರಿಶಿನ ನಿಷಿದ್ಧ. ಇಡ್ಲಿ ಉಂಟು, ಸಾಂಬಾರ್ ಇಲ್ಲ. ಮೊಸರನ್ನ ಉಂಟು, ಉಪ್ಪಿನಕಾಯಿ ಇಲ್ಲ. ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್ ಮೂರೂ ಶತ್ರುಪಕ್ಷ. ಅಡುಗೆ ಭಟ್ಟರಿಗೆ ಈ ಚೀಟಿ ತೋರಿಸಿದರೆ ಅವರು ಕೇಳುವುದು ಒಂದೇ ಪ್ರಶ್ನೆ: "ಹುಡುಗಿಗೆ ಜಾಂಡೀಸಾ?"

ಇಷ್ಟು ಖರ್ಚು ಬೇಡ ಅನ್ನುವವರಿಗೆ ಪೇಸ್ಟ್ ಇದೆ. 'ವೈಟ್ನಿಂಗ್' ಅಂತ ಬರೆದಿರುವ ಕೆಲವು ಪೇಸ್ಟ್‌ಗಳಲ್ಲಿ ನೀಲಿ ಬಣ್ಣದ ಪದಾರ್ಥ ಸೇರಿಸಿರುತ್ತಾರೆ. ಅದು ಹಲ್ಲಿನ ಮೇಲೆ ತೆಳ್ಳಗೆ ಕೂತು ಹಳದಿಯನ್ನು ಕಣ್ಣಿಗೆ ಮರೆಸುತ್ತದೆ, ಅಪ್ಪಂದಿರ ಬಿಳಿ ಪಂಚೆಗೆ ಅಮ್ಮಂದಿರು ನೀಲಿ ಅದ್ದುತ್ತಿದ್ದರಲ್ಲ, ಹಾಗೆ. ಉಳಿದವುಗಳಲ್ಲಿ ಇರುವುದು ಮೇಲಿನ ಕಲೆ ಉಜ್ಜಿ ತೆಗೆಯುವ ಪುಡಿ. ಇನ್ನು ಇದ್ದಿಲಿನ ಕಥೆಯಂತೂ ಕೇಳಬೇಡಿ. ಇದ್ದಿಲು ಹಾಕಿ ಹಲ್ಲುಜ್ಜುವವರನ್ನು ಹಳ್ಳಿಗುಗ್ಗು ಅಂತ ಜಾಹೀರಾತಿನಲ್ಲಿ ನಗೆಯಾಡಿ, ಬೇವಿನ ಕಡ್ಡಿ, ಉಪ್ಪು, ಬೂದಿ ಎಲ್ಲವನ್ನೂ ಬಿಡಿಸಿ ನಮ್ಮ ಕೈಗೆ ಬ್ರಷ್ ಕೊಟ್ಟವರೇ ಈಗ ಇದ್ದಿಲನ್ನು ಟ್ಯೂಬಿಗೆ ತುಂಬಿ ಬೆಲೆ ಹೆಚ್ಚಿಸಿ ಮಾರುತ್ತಿದ್ದಾರೆ. ಉಪ್ಪು, ಬೇವು ಆಗಲೇ ಟ್ಯೂಬ್ ಸೇರಿವೆ. ಬೂದಿಯ ಸರದಿ ಬಾಕಿ.

ಎರಡನೆಯದು ಬಾಂಡಿಂಗ್. ಚೂರು ಮುರಿದ ಅಂಚಿಗೆ, ಸಂದಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಮೆತ್ತಿ ಆಕಾರ ಕೊಡುವುದು. ಹಲ್ಲನ್ನು ಹೆಚ್ಚು ಕೊರೆಯುವ ಪ್ರಮೇಯವಿಲ್ಲ, ಒಂದೇ ಸಲ ಕೂತು ಮುಗಿಸಬಹುದು, ಕೆಲವು ವರ್ಷಕ್ಕೆ ಕಲೆ ಹಿಡಿದರೆ ಮತ್ತೆ ಸರಿಮಾಡಿಸಬಹುದು. ಇಷ್ಟೆಲ್ಲ ಅನುಕೂಲ ಇರುವುದರಿಂದ ಪ್ಯಾಕೇಜಿನ ಕಾಗದದಲ್ಲಿ ಇದನ್ನು ಕೆಳಗಡೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಮೂರನೆಯದು ಅಲೈನರ್, ಅಂದರೆ ತಂತಿ ಕಾಣದ ಕ್ಲಿಪ್ಪು. ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಗಂಟೆ ಹಾಕಿಕೊಂಡಿರಬೇಕು, ಅಂದರೆ ಬೆಂಗಳೂರಿನವರು ಟೀ ಕುಡಿಯುವ ವೇಳೆ ಮಾತ್ರ ರಜೆ. ಅಂಚೆಯಲ್ಲಿ ಅಚ್ಚು ತರಿಸಿ ಅಂಚೆಯಲ್ಲೇ ಅಲೈನರ್ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ನಿಂತವರಿಗೆ ಕಂಪನಿಯಿಂದ ಬಂದ ಸೂಚನೆ, ಕಂತು ಮಾತ್ರ ಕಟ್ಟುತ್ತಲೇ ಇರಿ ಎಂದು. ಹಲ್ಲು ಅಲ್ಲೇ ನಿಂತಿತು, ಸಾಲ ಮಾತ್ರ ನೇರವಾಗಿ ಸಾಗಿತು.

ಇವೆಲ್ಲ ಪೀಠಿಕೆ. ಪ್ಯಾಕೇಜಿನ ದೇವರು ವಿನೀರ್. ಮೇಲಿನ ಸಾಲಿನ ಆರು, ಎಂಟು ಅಥವಾ ಹತ್ತು ಹಲ್ಲುಗಳ ಮುಂಭಾಗದಿಂದ ಅರ್ಧ ಮಿಲಿಮೀಟರ್ ಆಸುಪಾಸು ಎನಾಮೆಲ್ ಉಜ್ಜಿ ತೆಗೆದು, ಅಷ್ಟೇ ದಪ್ಪದ ಪಿಂಗಾಣಿ ಅಂಟಿಸುತ್ತಾರೆ. ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಎನಾಮೆಲ್ ಇರುವುದೇ ಅದರ ಎರಡು ಮೂರು ಪಟ್ಟು ದಪ್ಪ. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ, ಮೂಳೆ ಕೂಡ ಅದರ ಮುಂದೆ ಮೆದು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಕೆಲಸ ಮುಗಿಸಿ ಹೊರಟುಹೋಗಿರುತ್ತವೆ. ಉಗುರು ಬೆಳೆಯುತ್ತದೆ, ಕೂದಲು ಬೆಳೆಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಹೋದ ಎನಾಮೆಲ್ ಮಾತ್ರ ಹೋದದ್ದೇ. ಪಿಂಗಾಣಿ ಹತ್ತು ಹದಿನೈದು ವರ್ಷ ಬಾಳುತ್ತದೆ ಅನ್ನುತ್ತಾರೆ. ಇಪ್ಪತ್ತೈದಕ್ಕೆ ಮಾಡಿಸಿದವಳು ನಲವತ್ತಕ್ಕೆ, ಐವತ್ತೈದಕ್ಕೆ, ಎಪ್ಪತ್ತಕ್ಕೆ ಮತ್ತೆ ಮತ್ತೆ ಮಾಡಿಸಬೇಕು. ಗಂಡನ ಜೊತೆ ಅಷ್ಟು ವರ್ಷ ಇರುತ್ತಾಳೋ ಇಲ್ಲವೋ, ಡಾಕ್ಟರ ಜೊತೆ ಇರಲೇಬೇಕು. ಏಳೇಳು ಜನ್ಮದ ಮಾತು ಯಾವ ಮಂತ್ರಕ್ಕೆ ಹೆಚ್ಚು ಹೊಂದುತ್ತದೆ, ನೀವೇ ಹೇಳಿ.

ಇನ್ನೊಂದು ಅಪಾಯ ಇದೆ. ವಿನೀರ್ ಅಂತ ಮಾತಾಡಿ ಕ್ಯಾಪ್ ಕೂರಿಸಿ ಕಳಿಸುವುದು. ಪೂರ್ತಿ ಕ್ಯಾಪಿಗೆ ಹಲ್ಲನ್ನು ಸುತ್ತಲೂ ಕಡೆಯಬೇಕು, ಅರ್ಧಕ್ಕಿಂತ ಹೆಚ್ಚು ಭಾಗ ಪುಡಿಯಾಗಿ ಹೋಗುತ್ತದೆ, ಉಳಿಯುವುದು ಮೊಳೆಯಾಕಾರದ ಮೋಟು. ಬ್ರಿಟನ್ನಿನ ಹುಡುಗ ಹುಡುಗಿಯರು ಅಗ್ಗಕ್ಕೆ ಸಿಗುತ್ತದೆಂದು ಟರ್ಕಿಗೆ ಹಾರಿ ಇದನ್ನೇ ಮಾಡಿಸಿಕೊಂಡು ಬಂದು, 'ಟರ್ಕಿ ಹಲ್ಲು' ಅನ್ನುವ ಹೆಸರನ್ನೇ ಹುಟ್ಟಿಸಿದರು. ನಮ್ಮವರಿಗೆ ಅಷ್ಟು ದೂರ ಹೋಗುವ ಕಷ್ಟವಿಲ್ಲ. ವಸಡು ಕಪ್ಪಗಿದೆ, ಲೇಸರಿನಲ್ಲಿ ಗುಲಾಬಿ ಮಾಡಿಕೊಡುತ್ತೇವೆ ಅನ್ನುವ ಸೇವೆಯೂ ಈಗ ಉಂಟು. ಕಪ್ಪು ಮೈಯ ಜನರ ವಸಡಿನಲ್ಲಿ ಮೆಲನಿನ್ ಇರುವುದು ರೋಗವಲ್ಲ, ಸುಟ್ಟು ತೆಗೆದರೂ ಕೆಲವು ಕಾಲಕ್ಕೆ ಮರಳಿ ಬರಬಹುದು. ಮುಖಕ್ಕೆ ಹಚ್ಚುವ ಬಿಳುಪಿನ ಕ್ರೀಮಿನ ಹೆಸರು ಬದಲಾಯಿಸಲು ಈ ದೇಶ ನಾಲ್ಕು ದಶಕ ತೆಗೆದುಕೊಂಡಿತು. ಅಷ್ಟರಲ್ಲಿ ಬಿಳುಪು ಬಾಯಿಯ ಒಳಗೆ ಹೊಕ್ಕು ಬೇರೆ ಮನೆ ಮಾಡಿದೆ.

ನನಗೆ ಅತಿ ಹೆಚ್ಚು ಸೋಜಿಗ ತರುವುದು ಬೇರೆ. ಇದೇ ಜನರಿಗೆ "ಹಲ್ಲು ಕ್ಲೀನ್ ಮಾಡಿಸಿ, ಕಿಟ್ಟ ಕಟ್ಟಿದೆ" ಅಂತ ಡಾಕ್ಟರು ಹೇಳಿದರೆ ಹೌಹಾರುತ್ತಾರೆ. "ಬೇಡ ಡಾಕ್ಟ್ರೇ, ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ, ಎನಾಮೆಲ್ ಹೋಗುತ್ತಂತೆ." ಕಿಟ್ಟ ವಸಡನ್ನು ತಿಂದು, ಮೂಳೆ ಇಳಿದು, ಹಲ್ಲು ಆಗಲೇ ಸಡಿಲವಾಗಿರುತ್ತದೆ. ಇಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದದ್ದು ಆ ಕಿಟ್ಟವೇ, ತೆಗೆದಾಗ ಸತ್ಯ ಅಲುಗಾಡುತ್ತದೆ. ಸಾವಿರ ಚಿಲ್ಲರೆ ರೂಪಾಯಿಯ ಸ್ಕೇಲಿಂಗಿಗೆ ಎನಾಮೆಲ್ ಚಿಂತೆ. ಒಂದೂವರೆ ಲಕ್ಷದ ಪ್ಯಾಕೇಜಿಗೆ ಅದೇ ಎನಾಮೆಲ್ಲನ್ನು ಡ್ರಿಲ್ಲಿನಡಿ ಒಡ್ಡಿ, ಮುಗಿದ ಮೇಲೆ ಸೆಲ್ಫಿ. ನಮ್ಮ ಹುಡುಗಿಯನ್ನು ಒಳಗೆ ಕರೆದಾಗ ಡಾಕ್ಟರು ಮೊದಲು ಹೇಳಿದ್ದೂ ಕ್ಲೀನಿಂಗ್ ಅಂತಲೇ. ಕಲೆಯ ಮುಕ್ಕಾಲು ಭಾಗ ಕಾಫಿಯದು, ಅದು ಮೇಲೆಯೇ ಇದೆ ಅಂದರು. ಕನ್ಸಲ್ಟೆಂಟ್ ಹುಡುಗಿಯ ಮುಖ ಆ ಕ್ಷಣಕ್ಕೆ ಎ ತ್ರೀಯಿಂದ ಸಿ ಫೋರಿಗೆ ತಿರುಗಿತು.

ಡಾಕ್ಟರುಗಳನ್ನು ಸುಮ್ಮನೆ ಬೈಯುವುದೂ ಸರಿಯಲ್ಲ. ದೇಶದಲ್ಲಿ 300ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳು, ಕರ್ನಾಟಕ ಒಂದರಲ್ಲೇ ಅವುಗಳ ದೊಡ್ಡ ಪಾಲು. ಬೆಂಗಳೂರಿನ ಒಂದು ರಸ್ತೆಯಲ್ಲಿ ದರ್ಶಿನಿಗಿಂತ ಹಲ್ಲಿನ ಕ್ಲಿನಿಕ್ ಹೆಚ್ಚು. ಕುರ್ಚಿಗೆ ಸಾಲ, ಎಕ್ಸ್‌ರೇಗೆ ಸಾಲ, ಬಾಡಿಗೆ ಬೇರೆ. ಹುಳುಕು ತುಂಬಿ ಆ ಸಾಲ ತೀರುವುದಿಲ್ಲ. ಆದರೆ ಆ ಕ್ಲಿನಿಕ್ಕುಗಳೆಲ್ಲ ಇರುವುದು ಎಲ್ಲಿ? ಪೇಟೆಯಲ್ಲಿ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ ಒಂದೂವರೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಹಲ್ಲು ರೂಪುಗೊಳ್ಳುವ ಎಳೇ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಯಲ್ಲ. ಮೈಕ್ರೋಅಬ್ರೇಷನ್, ಬ್ಲೀಚಿಂಗ್, ಬಾಂಡಿಂಗ್, ತೀರಾ ಹೆಚ್ಚಾದಾಗ ವಿನೀರ್, ಇವೆಲ್ಲ ನಿಜಕ್ಕೂ ಬೇಕಾದ ಬಾಯಿಗಳು ಅವು. ಅಲ್ಲಿನ ಹುಡುಗಿ ಕಾಲೇಜಿನ ಗ್ರೂಪ್ ಫೋಟೋದಲ್ಲಿ ತುಟಿ ಬಿಗಿಹಿಡಿದು ನಿಲ್ಲುತ್ತಾಳೆ, ಸಂದರ್ಶನದಲ್ಲಿ ಕೈ ಅಡ್ಡ ಇಟ್ಟು ಮಾತಾಡುತ್ತಾಳೆ. ಅವಳ ಊರಿಗೆ ಸರಕಾರ ಕೊಟ್ಟದ್ದು ನಾಣ್ಯ ಹಾಕಿದರೆ ನೀರು ಬರುವ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಬರುತ್ತದೆ, ಮೋಟಾರು ಕೆಟ್ಟಿರದಿದ್ದರೆ. ಬಡವರ ಮನೆಯ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲುಸೆಟ್ಟು ಉಚಿತ, ಅದು ಒಳ್ಳೆಯದೇ. ಭಾಗ್ಯ ಬರಬೇಕಾದರೆ ಮೊದಲು ಹಲ್ಲು ಉದುರಬೇಕು ಅಷ್ಟೇ.

ಕ್ಲಿನಿಕ್ಕಿನ ಕೌಂಟರಿನಲ್ಲಿ ಈ ನಗುವಿಗೆ ಎಣಿಸಿ ಕೊಡುವ ಐನೂರರ ನೋಟುಗಳ ಮೇಲೆ ಒಬ್ಬ ಮುದುಕ ನಗುತ್ತಿದ್ದಾನೆ. ಅವನಿಗೆ ಹಲ್ಲು ಬಹುಪಾಲು ಇರಲಿಲ್ಲ. ಕಟ್ಟಿಸಿದ ಸೆಟ್ಟು ಇತ್ತು, ಊಟಕ್ಕೆ ಮಾತ್ರ ಹಾಕಿಕೊಂಡು ಉಳಿದ ಹೊತ್ತು ತೆಗೆದಿಡುತ್ತಿದ್ದ. ಪಾಸ್‌ಪೋರ್ಟ್ ಕಚೇರಿಯವರಿಗೂ ಈ ವಿದ್ಯೆಯ ಮೇಲೆ ಗೌರವ ಕಡಿಮೆ. ಬಾಯಿ ಮುಚ್ಚಿ, ನಗಬೇಡಿ ಅಂತಲೇ ಫೋಟೋ ತೆಗೆಯುತ್ತಾರೆ. ಲಕ್ಷಗಟ್ಟಲೆ ಸುರಿದ ಬಂಡವಾಳ ಇಮಿಗ್ರೇಷನ್ ಸಾಲಿನಲ್ಲಿ ಮುಚ್ಚಿದ ತುಟಿಯ ಹಿಂದೆ ವ್ಯರ್ಥ.

ಏನು ಮಾಡಿಸಬೇಕು, ಏನು ಬಿಡಬೇಕು ಅಂತ ಗೊಂದಲವಿರುವವರಿಗೆ ಬ್ರಿಟನ್ನಿನ ದಂತವೈದ್ಯರ ನಡುವೆ ಓಡಾಡುವ ಒಂದು ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಅವರು ಅದನ್ನು 'ಮಗಳ ಪರೀಕ್ಷೆ' ಅನ್ನುತ್ತಾರೆ. ಈ ಕುರ್ಚಿಯಲ್ಲಿ ನಿಮ್ಮ ಮಗಳೇ ಕೂತಿದ್ದರೆ ಇದನ್ನೇ ಮಾಡುತ್ತಿದ್ದಿರಾ? ಕೇಳಿ ನೋಡಿ. ಕೆಲವರು ಪರದೆಯ ಕಡೆ ತಿರುಗುತ್ತಾರೆ, ಕೆಲವರು ಇಎಂಐ ಬಗ್ಗೆ ಹೇಳಲು ಕನ್ಸಲ್ಟೆಂಟನ್ನು ಕೂಗುತ್ತಾರೆ. "ನಮ್ಮ ಮಗಳಿಗಾದರೆ ಮೊದಲು ಕ್ಲೀನ್ ಮಾಡ್ತೀನಿ, ಬೇಕೆನಿಸಿದರೆ ಬ್ಲೀಚ್, ಕೊರೆಯೋ ಮಾತು ಆಮೇಲೆ ನೋಡೋಣ ಕಣಮ್ಮ" ಅನ್ನುವವರೂ ಇದ್ದಾರೆ. ಅವರನ್ನು ಹುಡುಕುವುದು ಕಷ್ಟವಲ್ಲ. ಅವರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಅವತ್ತೇ ಸಿಗುತ್ತದೆ, ಗಾಡಿ ನಿಲ್ಲಿಸಲು ಜಾಗವೂ ಇರುತ್ತದೆ.